ಮಂಜರಾಬಾದಿನಲ್ಲಿ ಬಾಗಿಲು ಹುಡುಕದೆ ಇರುವ ಕ್ರಮ

8ರಿಂದ 12 ವರ್ಷದ ಓದುಗರಿಗಾಗಿ ಬರೆಯುವ ಅದ್ಭುತ ಕಾದಂಬರಿಗಳಲ್ಲಿ, ಅಂದರೆ ಮಕ್ಕಳು ಮಾಯಾಲೋಕಕ್ಕೋ ಕಳೆದುಹೋದ ಶತಮಾನಕ್ಕೋ ಹೋಗಿಬರುವ ಕಥೆಗಳಲ್ಲಿ, ಮಂತ್ರ ಮಾಯಗಳಿಗೂ ಮೊದಲು ಆಗಬೇಕಾದ ಕೆಲಸ ಹಿರಿಯರ ವಿಲೇವಾರಿ. ಎಡಿತ್ ನೆಸ್ಬಿಟ್ 1906ರ ‘ದಿ ಸ್ಟೋರಿ ಆಫ್ ದಿ ಆಮ್ಯುಲೆಟ್’ನಲ್ಲಿ ಮಕ್ಕಳನ್ನು ಒಂದು ತಾಯಿತದ ಬಲದಿಂದ ಪ್ರಾಚೀನ ಈಜಿಪ್ಟಿಗೆ ಕಳುಹಿಸುವ ಮುನ್ನ ತಂದೆಯನ್ನು ಯುದ್ಧವರದಿಗೆಂದು ಮಂಚೂರಿಯಕ್ಕೂ ತಾಯಿಯನ್ನು ಆರೋಗ್ಯಕ್ಕೆಂದು ಮದೀರಾ ದ್ವೀಪಕ್ಕೂ ಸಾಗಹಾಕಿದರು, ಸಿ.ಎಸ್. ಲೂಯಿಸ್ 1950ರ ಮೊದಲ ನಾರ್ನಿಯಾ ಕಥೆಯಲ್ಲಿ ಲಂಡನ್ನಿನ ಮೇಲಿನ ಬಾಂಬ್ ದಾಳಿಯನ್ನೇ ಈ ಕೆಲಸಕ್ಕೆ ಬಳಸಿಕೊಂಡರು. ಫಿಲಿಪ್ಪಾ ಪಿಯರ್ಸ್ 1958ರಲ್ಲಿ, ಗಡಿಯಾರ ಹದಿಮೂರು ಹೊಡೆದಾಗ ಕಾಣಿಸುವ ತೋಟಕ್ಕೆ ಟಾಮ್ ಎಂಬ ಹುಡುಗನನ್ನು ತಲುಪಿಸುವ ಸಲುವಾಗಿ ಅವನ ಸೋದರನಿಗೆ ದಡಾರ ಬರಿಸಲೂ ಹಿಂಜರಿಯಲಿಲ್ಲ.

ಈ ಪ್ರಕಾರಕ್ಕೆ ಬೇಕಾದ ಸಾಮಗ್ರಿಗೆ ಸಕಲೇಶಪುರ–ಆಲೂರು ಸೀಮೆಯಲ್ಲಿ ಬರವಿಲ್ಲ. ಎದುರು ನಿಂತವರ ಮುಖ ಕಾಣದಂಥ ಮಂಜು ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಘಟ್ಟದ ರೈಲುಹಾದಿಯಲ್ಲಿ 57 ಸುರಂಗಗಳಿವೆ. ಜುಲೈ ತಿಂಗಳಲ್ಲಿ ಜಿಲ್ಲಾಧಿಕಾರಿಗಳು ಕೊಡುವ ಮಳೆ ರಜೆಯಂತೂ ಪಿಯರ್ಸ್ ಅವರ ದಡಾರಕ್ಕಿಂತ ನಿರಪಾಯಕಾರಿಯಾದ ಕಥಾತಂತ್ರವಾಗಿದೆ. ಕೊರತೆಯಿರುವುದು ಹಿರಿಯರ ಗೈರುಹಾಜರಿಯಲ್ಲಿ. ನಾರ್ನಿಯಾದ ದಾರಿ ಬಟ್ಟೆಯ ಬೀರುವಿನೊಳಗಿಂದ ಹೋಗುತ್ತದೆ; ಮಲೆನಾಡಿನ ಮನೆಯ ಬೀರು ಕಬ್ಬಿಣದ್ದು, ಅದರ ಬೀಗದ ಕೈ ಅಜ್ಜಿಯ ಸೊಂಟದಲ್ಲಿರುತ್ತದೆ, ಒಳಗೆ ತೋಟದ ಪಹಣಿ, ಒಡವೆ ಮತ್ತು ಯಾರೂ ಉಡದ ಧಾರೆ ಸೀರೆ ಇರುತ್ತವೆ, ಹಾಗೂ ಆ ಬಾಗಿಲು ಕಿರ್ರೆಂದ ಕೂಡಲೇ ಅಡುಗೆಮನೆ, ಕಣ, ಕೊಟ್ಟಿಗೆ ಮೂರೂ ಕಡೆಯಿಂದ ‘ಯಾರದು?’ ಎಂಬ ಪ್ರಶ್ನೆ ಏಕಕಾಲಕ್ಕೆ ಹೊರಡುತ್ತದೆ. ಅಂಥ ಬೀರುವಿನ ಮೂಲಕ ಯಾವ ಮಗುವೂ ಯಾವ ಲೋಕಕ್ಕೂ ಹೋದ ದಾಖಲೆಯಿಲ್ಲ.

ಹಾಗೆಂದು ಕಾಲಯಾನ, ಅಂದರೆ ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ದಾಟುವುದು, ಈ ನೆಲಕ್ಕೆ ಹೊಸತೇನಲ್ಲ. ಭಾಗವತದ ರೈವತ ಕಕುದ್ಮಿ ಮಗಳು ರೇವತಿಗೆ ತಕ್ಕ ವರನಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಅಲ್ಲಿ ನಡೆಯುತ್ತಿದ್ದ ಗಂಧರ್ವರ ಗಾಯನ ಮುಗಿಯಲೆಂದು ತುಸು ಹೊತ್ತು ಕಾದದ್ದಕ್ಕೆ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದುಹೋಗಿ, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರೆಲ್ಲ ವಂಶಸಮೇತ ಇಲ್ಲವಾಗಿದ್ದರು. ಗಮನಿಸಬೇಕಾದದ್ದೆಂದರೆ, ನಮ್ಮ ಪರಂಪರೆಯ ಈ ಕಾಲಯಾನಿ ಹೊರಟಿದ್ದು ಒಬ್ಬನೇ ಅಲ್ಲ, ಮಗಳೊಂದಿಗೆ. ಸಾಹಸಕ್ಕಲ್ಲ, ಸಂಬಂಧ ಕೇಳಲಿಕ್ಕೆ. ಪಕ್ಕದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಮಕ್ಕಳಿಗಾಗಿ ಬರೆದದ್ದಲ್ಲವಾದರೂ ಹೈಸ್ಕೂಲಿನ ಹುಡುಗರು ಕಸಿದುಕೊಂಡು ಓದುವ ಕೃತಿಯಾಗಿದ್ದು, ಅದರಲ್ಲಿಯೂ ಯುಗಯುಗಗಳ ಆಚೆಯಿಂದ ಉಳಿದು ಬಂದ ಹಾರುವ ಓತಿಯನ್ನು ಅರಸಿ ಕಾಡಿಗೆ ಹೊರಡುವಾಗ ವಿಜ್ಞಾನಿಯ ಜೊತೆಗೆ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ ಮೊದಲಾಗಿ ಇಡೀ ಬಳಗವೇ ಎದ್ದು ನಡೆಯುತ್ತದೆ. ಕನ್ನಡದ ಅದ್ಭುತವು ಯಾರನ್ನೂ ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ.

ಇಷ್ಟನ್ನು ಪುಸ್ತಕಗಳಿಂದಲೇ ತಿಳಿದು ತೃಪ್ತರಾಗಬಹುದಿತ್ತು. ಆದರೆ ನಾರ್ನಿಯಾದ ಆ ಕಥೆಯ ಕೊನೆಯಲ್ಲಿ ಮುದಿ ಪ್ರೊಫೆಸರರು ಒಂದು ಸೂತ್ರವನ್ನು ಹೇಳುತ್ತಾರೆ. ಅದರ ಪ್ರಕಾರ ಅಲ್ಲಿಗೆ ಹೋಗುವ ದಾರಿ ಹುಡುಕಿದವರಿಗೆ ಸಿಗುವುದಿಲ್ಲ, ಹುಡುಕದೆ ಇದ್ದಾಗ ತಾನಾಗಿ ಸಿಗುತ್ತದೆ. ಈ ಕಾದಂಬರಿಗಳ ನಿಗದಿತ ವಯೋಮಿತಿಯನ್ನು ಮೀರಿ ದಶಕಗಳೇ ಕಳೆದಿದ್ದರೂ ಅವುಗಳನ್ನು ಬಿಡಲಾರದ ಪ್ರಸ್ತುತ ಅಧ್ಯಯನಕಾರರು ಈ ಸೂತ್ರವನ್ನು ಪರೀಕ್ಷಿಸಲು ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಯನ್ನು ಆರಿಸಿಕೊಂಡರು. ಫ್ರೆಂಚ್ ಇಂಜಿನಿಯರ್ ವೊಬಾನ್‌ನ ಮಾದರಿಯನ್ನು ಅನುಸರಿಸಿ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಈ ಕೋಟೆ ಎಂಟು ಮೂಲೆಗಳ ನಕ್ಷತ್ರಾಕಾರದ್ದು. ಒಳಗೆ ನಿಂತವರಿಗೆ ಬರಿಯ ಗೋಡೆ ಕಾಣುತ್ತದೆಯೇ ಹೊರತು ನಕ್ಷತ್ರ ಕಾಣುವುದಿಲ್ಲ, ಆದ್ದರಿಂದಲೇ ಡ್ರೋನು ಹಾರಿಸುವ ರೀಲ್ಸ್ ಮಂದಿ ತಾವೇ ಅದನ್ನು ಕಂಡುಹಿಡಿದವರಂತೆ ಅಲ್ಲಿ ಚೀರುತ್ತಿರುತ್ತಾರೆ. ನಡುವೆ ಶಿಲುಬೆಯಾಕಾರದ ಮೆಟ್ಟಿಲು ಕೊಳವೂ, ಅದರ ಸಮೀಪದಲ್ಲಿ ಮದ್ದುಗುಂಡು ಇಡುತ್ತಿದ್ದರೆಂದು ಹೇಳುವ ತಣ್ಣನೆಯ ಕತ್ತಲೆ ಕೋಣೆಗಳೂ ಇವೆ.

ಬಾಗಿಲು ಹುಡುಕುವುದು ಯಾರಿಗಾದರೂ ಬರುತ್ತದೆ. ಹುಡುಕದೆ ಇರುವುದಕ್ಕೆ ಸಿದ್ಧತೆ ಬೇಕು. ಹುಡುಕುವವರು ಮುಂದೆ ನೋಡಿ ನಡೆಯುತ್ತಾರೆ ಎಂಬ ಕಾರಣದಿಂದ ಅಧ್ಯಯನಕಾರರು ಅಂಥದೊಂದು ಕೋಣೆಯನ್ನು ಹಿಮ್ಮುಖವಾಗಿ ಪ್ರವೇಶಿಸಿದರು. ಹುಡುಕುವವರ ಕಣ್ಣು ಗೋಡೆಯ ಮೇಲಿರುವುದರಿಂದ ಇವರು ಕಮಾನಿನ ಸೂರನ್ನು, ಅದೂ ಅನಾಸಕ್ತಿಯಿಂದ, ನೋಡಿದರು. ಕೈಗಳು ತಡಕಾಡದಿರಲೆಂದು ಅವುಗಳಿಗೆ ಕಡಲೆಕಾಯಿ ಸುಲಿಯುವ ಕೆಲಸ ಕೊಡಲಾಯಿತು. ಉಳಿದದ್ದು ಮನಸ್ಸು, ಅದು ‘ಬಾಗಿಲು’ ಎಂದು ನೆನೆಯದಂತೆ ಹದಿಮೂರರ ಮಗ್ಗಿಯನ್ನು ಒಪ್ಪಿಸಲು ತೊಡಗಿಸಿದಾಗ, ಏಳನೆಯ ಸಾಲಿನಲ್ಲಿ ತಡವರಿಸಿದ ಆ ಕ್ಷಣ, ಬೇರಾವ ಆಲೋಚನೆಗೂ ಎಡೆಯಿಲ್ಲದ ಶುದ್ಧ ಅನನ್ವೇಷಣೆಯ ಕ್ಷಣ, ಬೆನ್ನಿಗೆ ಮೆತ್ತನೆಯ, ಬೆಚ್ಚನೆಯ ಉಣ್ಣೆ ತಗುಲಿತು. ನಾರ್ನಿಯಾದ ಹೊಸ್ತಿಲಲ್ಲೂ ಇರುವುದು ಇಂಥವೇ, ತುಪ್ಪಳದ ಕೋಟುಗಳು. ತಿರುಗಿ ನೋಡುವುದಕ್ಕೆ ಮೊದಲಿನ ಅಲ್ಪಾವಧಿಯಲ್ಲಿ ಅಧ್ಯಯನಕಾರರು ಕೋಟೆಯ ಅಧಿಕಾರಿ ಕಿಲ್ಲೇದಾರನಿಗೆ ಸಲಾಮು ಮಾಡಬೇಕೋ ನಮಸ್ಕಾರವೋ ಎಂದು ಚಿಂತಿಸಿದರು, ಜೇಬಿನಲ್ಲಿ ನಗದಿಲ್ಲ, ಫೋನ್‌ಪೇ ಮಾತ್ರ ಇದೆ ಎಂದು ಕಂಗಾಲಾದರು, ರೇವತಿಯ ತಂದೆಯನ್ನು ನೆನೆದು ಮನೆ ಸಾಲದ ಕಂತುಗಳು 27 ಚತುರ್ಯುಗಗಳಲ್ಲಿ ಎಷ್ಟಾಗಬಹುದೆಂದು ಬೆವರಿದರು, ಆಮೇಲೆ ಕಾಲಯಾನಿಗಳು ಎಲ್ಲ ಕಾದಂಬರಿಗಳಲ್ಲೂ ಮೊದಲು ಕೇಳಲೇಬೇಕಾದ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದರು: “ಇದು ಯಾವ ಇಸವಿ?”

“ಇಸ್ವಿ ಗಿಸ್ವಿ ನಂಗೇನ್ ಗೊತ್ತಪ್ಪಾ, ಬಸ್ಸು ಮೂರೂವರೆಗೆ ಹೊರಡ್ತದೆ ಅಂದವ್ರೆ. ಮೊದ್ಲು ನನ್ ಕಾಲ್ ಮೇಲಿಂದ ಇಳಿ” ಎಂದು ಉಣ್ಣೆ ಶಾಲು ಹೊದ್ದಿದ್ದ ಹೆಂಗಸು ಉತ್ತರಿಸಿದರು. ಶೈಕ್ಷಣಿಕ ಪ್ರವಾಸಕ್ಕೆ ಬಂದ ಶಾಲೆಯೊಂದರ ಬಿಸಿಯೂಟದ ಅಡುಗೆಯವರು ಅವರು. ಕಡಲೆಕಾಯಿಯಲ್ಲಿ ಒಂದು ಹಿಡಿಯನ್ನು ದಂಡವಾಗಿ ಸ್ವೀಕರಿಸಿದ ಬಳಿಕ ಅವರು ಬಂದ ಕಾರಣ ತಿಳಿಯಿತು: ತಲೆ ಎಣಿಸುವಾಗ ಇಬ್ಬರು ಮಕ್ಕಳು ಕಡಿಮೆ ಬಿದ್ದಿದ್ದರು.

ಅಧ್ಯಯನಕಾರರಿಗೆ ಮೊದಲು ಆದದ್ದು, ಹೇಳಲು ಸಂಕೋಚವಾದರೂ, ಹೊಟ್ಟೆಕಿಚ್ಚು. ಆ ಇಬ್ಬರಿಗೆ ಬಾಗಿಲು ಸಿಕ್ಕಿಬಿಟ್ಟಿತಲ್ಲ ಎಂದು. ಕೋಣೆಯಿಂದ ಮೇಲೆ ಬಂದು ಆ ಶಾಲೆಯ ಶಿಕ್ಷಕಿಯ ಮುಖ ನೋಡಿದಾಗ ಮಾತ್ರ ಆ ಯೋಚನೆ ಅಲ್ಲಿಗೇ ನಿಂತಿತು. ಕತ್ತಲಾಗುವ ಮೊದಲು ಮಕ್ಕಳನ್ನು ಊರು ಸೇರಿಸಬೇಕಿತ್ತು, ಏಕೆಂದರೆ ಬಸ್ಸು ಇಳಿದ ಮೇಲೆ ಅವರು ನಡೆಯಬೇಕಾದ ತೋಟದ ದಾರಿಯಲ್ಲಿ ಆನೆಗಳಿದ್ದವು. ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಕೆಲಸಕ್ಕೆ ಹೋದವರು ಆನೆ ತುಳಿತಕ್ಕೆ ಸಿಕ್ಕಿ ಸತ್ತ ಸುದ್ದಿಯನ್ನು ಇಲ್ಲಿನ ಮಕ್ಕಳು ಕಥೆಗಿಂತ ಹೆಚ್ಚಾಗಿ ಕೇಳಿ ಬೆಳೆಯುತ್ತಾರೆ; ಆನೆ ಇಂಥ ಊರಿನ ಬಳಿಯಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಕಳುಹಿಸುವ ಸಂದೇಶವನ್ನು ಓದಿದ ಮೇಲೆಯೇ ಎಷ್ಟೋ ಮನೆಗಳಲ್ಲಿ ಮಗುವಿನ ಹೆಗಲಿಗೆ ಬ್ಯಾಗು ಏರುತ್ತದೆ. ನಡುರಾತ್ರಿ ಕಿಟಕಿಯಿಂದ ಜಿಗಿದು ಹೊರಡುವ ನಾಯಕ ಈ ತಾಲೂಕುಗಳ ಮಟ್ಟಿಗೆ ಬೇಜವಾಬ್ದಾರಿ ಬರವಣಿಗೆಯೇ ಸರಿ, ಹಾಗೂ ‘ಎಲ್ಲಿಗೆ?’ ಎಂದು ಕೂಗುವ ಅಜ್ಜಿಗೆ ವಿಮರ್ಶಕರಿಗಿಂತ ಹೆಚ್ಚಿನ ಆಧಾರವಿದೆ.

ಮಕ್ಕಳಿಬ್ಬರೂ ಬುರುಜಿನ ಹಿಂದೆ ಒಂದೇ ಚಿಪ್ಸ್ ಪೊಟ್ಟಣಕ್ಕಾಗಿ ಜಗಳವಾಡುತ್ತ ಸಿಕ್ಕರು, ಬಸ್ಸು ಹೊರಟಿತು.

ಅಧ್ಯಯನಕಾರರು ಅಂದಿನಿಂದ ಬರೆಯುತ್ತಿರುವ ಕಾದಂಬರಿಯಲ್ಲಿ ಹಿರಿಯರ ವಿಲೇವಾರಿಯನ್ನು ಕೈಬಿಡಲಾಗಿದ್ದು, ಬಾಗಿಲು ದಾಟುವಾಗ ಮಕ್ಕಳೊಂದಿಗೆ ಅಜ್ಜಿ, ಬಿಸಿಯೂಟದವರು ಮತ್ತು ತೋಟದ ಲೆಕ್ಕ ಬರೆಯುವ ರೈಟರು, ಎಲ್ಲರೂ ಇರುತ್ತಾರೆ. ಇದರಿಂದ ಸುರಕ್ಷತೆ ಹೆಚ್ಚಿದೆ, ವೇಗ ತುಸು ಕುಗ್ಗಿದೆ. ಎರಡನೆಯ ಅಧ್ಯಾಯದಲ್ಲಿ ಅಜ್ಜಿ 1792ರ ಕಿಲ್ಲೇದಾರನ ಅಡುಗೆಯವಳೊಂದಿಗೆ ಕುಳಿತು ತವರಿನ ಕಡೆಯಿಂದ ನೆಂಟಸ್ತನ ಎಳೆದಿದ್ದಾರೆ. ಐದನೆಯ ಅಧ್ಯಾಯ ಮುಗಿಯುತ್ತ ಬಂದರೂ ಮಾತು ಇನ್ನೂ ಚಿಕ್ಕತ್ತೆಯ ಮೈದುನನವರೆಗೆ ಮಾತ್ರ ಬಂದಿದೆ.