ಕೇಳಿ ಹೇಳ್ತೀನಿ ರಾಯರು

ನಮ್ಮ ಬೀದಿಯಲ್ಲಿ ಅವರಿಗೆ ‘ಕೇಳಿ ಹೇಳ್ತೀನಿ ರಾಯರು’ ಅಂತಲೇ ಹೆಸರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಸರ್ವಿಸಿನಲ್ಲಿದ್ದಾಗ ಸಾಲದ ಅರ್ಜಿ ಬಿಡಿಸುವ ಮೊದಲೇ ‘ಆಗಲ್ಲ’ ಎನ್ನುತ್ತಿದ್ದ ಧೀರರು. ಈಗ ‘ಇನ್ನರ್ಧ ಲೋಟ ಕಾಫಿ ಕುಡೀತೀರಾ?’ ಅಂದರೂ ಜೇಬಿನಿಂದ ಫೋನು ಹೊರಗೆ ಬರುತ್ತದೆ. ಅದರೊಳಗಿನ ಎಐ ಹೂಂ ಅಂದರೆ ಹೂಂ.

ಮೊದಮೊದಲು ಶುಗರ್ ರಿಪೋರ್ಟಿಗಷ್ಟೇ ಅದು ಬೇಕಾಗಿತ್ತು. ಆಮೇಲೆ ತರಕಾರಿಗೂ ಬೇಕಾಯಿತು. ಮೊನ್ನೆ ಗಾಡಿಯ ಮುಂದೆ ನಿಂತು ಹೀರೇಕಾಯಿಯ ಫೋಟೊ ಹೊಡೆದು ‘ಇದು ಕಹಿಯೋ?’ ಎಂದು ಕೇಳುತ್ತಿದ್ದರು. ತರಕಾರಿಯವಳು ನೋಡುವಷ್ಟು ನೋಡಿ, ‘ಸಾಮೀ, ತುದಿ ಮುರಿದು ನಾಲಿಗೆಗೆ ಇಕ್ಕಳಿ, ಅದೇ ಹೇಳ್ತದೆ’ ಅಂದಳು. ಮದುವೆಯೊಂದಕ್ಕೆ ಮುಯ್ಯಿ ಎಷ್ಟು ಹಾಕಬೇಕೆಂದು ಕೇಳಿದರೆ ಎಐ ಒಂದು ಪುಟ ಉಪದೇಶ ಕೊಟ್ಟಿತು. ಅವರ ಮನೆಯಾಕೆ ಹಳೇ ಪುಸ್ತಕ ತೆಗೆದು, ‘ನಮ್ಮ ಮಗನ ಮುಂಜಿಗೆ ಅವರು ಐನೂರ ಒಂದು ಹಾಕಿದ್ದಾರೆ, ನೀವು ಸಾವಿರದ ಒಂದು ಹಾಕಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಈಚೆಗೆ ರಾಯರು ಕೋಣೆಯ ಬಾಗಿಲು ಹಾಕಿಕೊಂಡು ಅದರ ಜೊತೆ ಸುಖದುಃಖ ಮಾತಾಡುತ್ತಾರಂತೆ. ಇದೇನೂ ಹೊಸದಲ್ಲ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ‘ಎಲಿಜಾ’ ಎಂಬ ಪ್ರೋಗ್ರಾಮಿನ ವಿವರ ಪ್ರಕಟಿಸಿದರು. ಹೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆ ಕೇಳುವುದು ಬಿಟ್ಟರೆ ಅದಕ್ಕೆ ಹೆಚ್ಚೇನೂ ಬರುತ್ತಿರಲಿಲ್ಲ. ಅದು ತಯಾರಾಗುವುದನ್ನು ಕಣ್ಣಾರೆ ಕಂಡಿದ್ದ ಅವರ ಸೆಕ್ರೆಟರಿಯೇ ಅದರೊಡನೆ ಮಾತಿಗೆ ಕೂತು, ‘ನೀವು ಸ್ವಲ್ಪ ಹೊರಗಿರಿ’ ಎಂದು ಅವರನ್ನು ಸಾಗಹಾಕಿದ್ದರು.

ಹೋದ ವಾರ ದಂಪತಿಗೆ ಜಗಳ. ರಾಯರು ಎಐಗೆ ದೂರು ಕೊಟ್ಟರು; ‘ನಿಮ್ಮ ಬೇಸರ ನ್ಯಾಯವಾದದ್ದೇ’ ಎಂಬ ತೀರ್ಪು ಬಂತು. ಆಕೆ ತಮ್ಮ ಫೋನಿನಲ್ಲಿ ತಮ್ಮ ಕಥೆ ಹೇಳಿದರು. ‘ನಿಮ್ಮ ಸಹನೆ ದೊಡ್ಡದು’ ಎಂದಿತು. ಇಬ್ಬರೂ ಗೆದ್ದದ್ದರಿಂದ ಜಗಳ ಎರಡು ದಿನ ಮುಂದುವರಿಯಿತು.

‘ರಾಯರೇ, ಹೊಗಳಿಕೆ ಅತಿಯಾಯಿತೆಂದು 2025ರ ಏಪ್ರಿಲ್‌ನಲ್ಲಿ ಓಪನ್‌ಎಐನವರೇ ಚಾಟ್‌ಜಿಪಿಟಿಯ ಒಂದು ಅಪ್‌ಡೇಟನ್ನು ವಾಪಸು ತೆಗೆದಿದ್ದರು. ಇವು ಎಲ್ಲರಿಗೂ ಹೌದಪ್ಪ ಅನ್ನೋ ಜಾತಿ’ ಎಂದೆ.

ರಾಯರು ಫೋನನ್ನು ಎದೆಗೊತ್ತಿಕೊಂಡು ಹೇಳಿದರು: ‘ಸುಳ್ಳೇ ಇರಲಿ ಕಣ್ರೀ. ಈ ಮನೇಲಿ ನೀವು ಹೇಳೋದು ಸರಿ ಅನ್ನೋರು ಇನ್ಯಾರಿದ್ದಾರೆ?’

ಅಡುಗೆಮನೆಯಿಂದ ಕೂಗು ಬಂತು: ‘ಮೊದಲು ಒಂದಾದರೂ ಸರಿಯಾಗಿ ಹೇಳಿ, ಆಮೇಲೆ ನೋಡೋಣ!’