ಕೊಂಕಣ ಸುತ್ತಿ ವಿಜಯವಾಡಕ್ಕೆ

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಆಕಾಶದಲ್ಲಿ ಸುಮಾರು 290 ಕಿ.ಮೀ., ಹಾರಾಟ ಒಂದು ಗಂಟೆ. ಲೆಕ್ಕ ಸರಿ, ಆದರೆ ಅದು ಕಾಗೆಯ ಲೆಕ್ಕ. ಕಾಗೆಗೆ ಬೋರ್ಡಿಂಗ್ ಪಾಸ್ ಬೇಡ, ಮಂಗಳವಾರದ ಹಂಗೂ ಇಲ್ಲ.

ಶಾಸಕರ ಲೆಕ್ಕ ಬೇರೆ. 2025ರ ಏಪ್ರಿಲ್‌ನ ಒಂದು ಮಂಗಳವಾರ ಭೀಮಿಲಿ ಶಾಸಕ, ಮಾಜಿ ಮಂತ್ರಿ ಗಂಟಾ ಶ್ರೀನಿವಾಸರಾವ್ ವಿಶಾಖಪಟ್ಟಣದಿಂದ ವಿಜಯವಾಡದ ಪಕ್ಕದ ಅಮರಾವತಿಗೆ ಹೊರಟರು. ಅಂದು ಬೆಳಗಿನ ವಂದೇ ಭಾರತ್‌ಗೆ ವಾರದ ರಜೆ, ಬೆಳಗಿನ ವಿಮಾನಗಳೂ ರದ್ದು. ಎಂಟಕ್ಕೆ ಹೊರಟು, ಹೈದರಾಬಾದಿಗೆ ಹಾರಿ, ಅಲ್ಲಿ ಇನ್ನೊಂದು ವಿಮಾನ ಹಿಡಿದು ವಿಜಯವಾಡದ ಗನ್ನವರಂ ವಿಮಾನ ನಿಲ್ದಾಣದಲ್ಲಿ ಇಳಿದಾಗ ಮಧ್ಯಾಹ್ನ ಒಂದು ಗಂಟೆ. 290ರ ದಾರಿ 770 ದಾಟಿತ್ತು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದವನಿಗೆ ಕೊನೆಗೂ ಒಬ್ಬ ಜೊತೆಗಾರ ಸಿಕ್ಕ! ಶಾಸಕರು ಜಾಲತಾಣದಲ್ಲಿ ಅಳಲು ತೋಡಿಕೊಂಡರು. ಕೇಂದ್ರದ ವಿಮಾನಯಾನ ಮಂತ್ರಿ ಅವರದೇ ಪಕ್ಷದವರು, ಅಲ್ಲೇ ಪಕ್ಕದ ಶ್ರೀಕಾಕುಳಂನವರು ಎಂಬುದನ್ನು ನೆನಪಿಸಿಕೊಂಡು ನಕ್ಕವರು ವಿರೋಧ ಪಕ್ಷದವರಷ್ಟೇ ಅಲ್ಲ. ಆಂಧ್ರ 2014ರಲ್ಲಿ ಇಬ್ಭಾಗವಾಗಿ ಹೈದರಾಬಾದ್ ತೆಲಂಗಾಣಕ್ಕೆ ಹೋದ ಸುದ್ದಿಯನ್ನು ವಿಮಾನದ ವೇಳಾಪಟ್ಟಿಗೆ ಯಾರೂ ಮುಟ್ಟಿಸಿಲ್ಲ.

ಇನ್ನು ವಿಶಾಖಪಟ್ಟಣದ ಅಂಚಿನ ದುವ್ವಾಡದವರ ಪಾಡು. ಹೌರಾ–ಚೆನ್ನೈ ಮಾರ್ಗದ ಗಾಡಿ ವಿಶಾಖಪಟ್ಟಣದೊಳಗೆ ಹೊಕ್ಕರೆ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟಬೇಕು. ಆ ಉಸಾಬರಿಯೇ ಬೇಡವೆನ್ನುವ ಕೆಲವು ಗಾಡಿಗಳು ದುವ್ವಾಡದಲ್ಲಿ ನಿಂತು ಹಾಗೇ ಮುಂದೆ ಹೋಗಿಬಿಡುತ್ತವೆ. ಆಂಧ್ರದ ಅತಿ ದೊಡ್ಡ ನಗರಕ್ಕೆ ಬಂದವರು 17 ಕಿ.ಮೀ. ದೂರದಲ್ಲೇ ಇಳಿದು ಆಟೋದವನ ಜೊತೆ ಚೌಕಾಸಿಗೆ ನಿಲ್ಲುತ್ತಾರೆ. ದುವ್ವಾಡದವನಿಗೆ ವಂದೇ ಭಾರತ್ ಬೇಕೆಂದರೆ ವಿಜಯವಾಡದ ದಿಕ್ಕು ಬಿಟ್ಟು ಅದೇ 17 ಕಿ.ಮೀ. ಹಿಂದಕ್ಕೆ ಹೋಗಬೇಕು. ಹತ್ತಿ ಕೂತರೆ ನಾಲ್ಕು ಗಂಟೆ ಚಿಲ್ಲರೆ. ವಿಮಾನದವನು ಟ್ಯಾಕ್ಸಿ, ತಪಾಸಣೆಯ ಸಾಲು, ಹಾರಾಟ, ಲಗೇಜು, ಗನ್ನವರಂನಿಂದ ಊರೊಳಗಿನ ಟ್ರಾಫಿಕ್ಕು ಎಲ್ಲ ಮುಗಿಸುವ ಹೊತ್ತಿಗೂ ಅಷ್ಟೇ ಆಗಿರುತ್ತದೆ.

ಭೋಗಾಪುರದ ಹೊಸ ವಿಮಾನ ನಿಲ್ದಾಣ ಇದನ್ನೆಲ್ಲ ಸರಿಮಾಡುತ್ತದಂತೆ. 2019ರಲ್ಲಿ ಮುಖ್ಯಮಂತ್ರಿಯಾಗಿದ್ದ ಚಂದ್ರಬಾಬು ನಾಯ್ಡು ಶಿಲಾನ್ಯಾಸ ಮಾಡಿದರು, 2023ರಲ್ಲಿ ಅದೇ ಕುರ್ಚಿಯಲ್ಲಿದ್ದ ಜಗನ್ ಮತ್ತೊಮ್ಮೆ ಮಾಡಿದರು. ಅಡಿಪಾಯದ ಬಗ್ಗೆ ಯಾರಿಗೂ ಅನುಮಾನ ಬೇಡ. ಆದರೆ ನಿಲ್ದಾಣ ಇರುವುದು ವಿಶಾಖಪಟ್ಟಣದ ಈಶಾನ್ಯಕ್ಕೆ, ವಿಜಯವಾಡ ನೈಋತ್ಯಕ್ಕೆ. ಅಂದರೆ ದುವ್ವಾಡದವನು ಅರವತ್ತು ಕಿ.ಮೀ.ಯಷ್ಟು ತಿರುಗುಮುರುಗಾಗಿ ಹೋಗಿ, ವಿಮಾನ ಹತ್ತಿ, ತನ್ನ ಮನೆಯ ಕಡೆಗೇ ಹಾರಿ ಬಂದು, ಆಮೇಲೆ ಮುಂದಕ್ಕೆ ಸಾಗಬೇಕು.

ನಾವು ನಗುವಂತಿಲ್ಲ ಬಿಡಿ. 2019ರಲ್ಲಿ ಉಡಾನ್ ಯೋಜನೆಯ ಹೆಸರಲ್ಲಿ ಮೈಸೂರಿನವರನ್ನು ಹಾರಿಸಿ ದೇವನಹಳ್ಳಿಯಲ್ಲಿ ಇಳಿಸಿದವರು ನಾವೇ. ಅಲ್ಲಿಂದ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ರೈಲಿನಲ್ಲಿ ಬಂದವನ ಎರಡನೇ ಕಾಫಿಯೂ ಮುಗಿದಿರುತ್ತಿತ್ತು.

ಆದ್ದರಿಂದ ದುವ್ವಾಡದ ಬಂಧುಗಳೇ, ಸ್ಟೇಷನ್ನಿಗೆ ನಡೆದು ಹೋಗಿ ರತ್ನಾಚಲ ಎಕ್ಸ್‌ಪ್ರೆಸ್ ಹತ್ತಿ. ಆರು ಗಂಟೆ ಹಿಡಿಯುತ್ತದೆ, ಆದರೆ ಹೈದರಾಬಾದ್ ತೋರಿಸುವುದಿಲ್ಲ.