ಅಂಕವಿಸರ್ಜನ ಮೀಮಾಂಸೆ: ತುಮಕೂರು ಪಾಠ, ಗುಬ್ಬಿ–ಕುಣಿಗಲ್ ಪಾಠಾಂತರಗಳೊಡನೆ

ಎಂಬಿಎ ಪ್ರವೇಶ ಪರೀಕ್ಷೆ ಬರೆದು, ಬಂದ ಅಂಕ ನೋಡಿ ಮುಖ ಸಪ್ಪಗಾದವನು ಆ ಅಂಕವನ್ನು ಇಟ್ಟುಕೊಳ್ಳಬೇಕೆ, ರದ್ದು ಮಾಡಬೇಕೆ ಎಂಬ ಬಗ್ಗೆ ಕನ್ನಡದಲ್ಲಿ ಲಕ್ಷಣಗ್ರಂಥವೊಂದು ಬಾರದೆ ಉಳಿದದ್ದು ದೊಡ್ಡ ಕೊರತೆ. ಕೇಶಿರಾಜ 13ನೇ ಶತಮಾನದಲ್ಲಿ ಸಂಧಿ, ಸಮಾಸ, ಅಪಭ್ರಂಶಗಳನ್ನೆಲ್ಲ ಸೂತ್ರ, ವೃತ್ತಿ, ಪ್ರಯೋಗವೆಂಬ ಕಟ್ಟಿನಲ್ಲಿ ಕೂರಿಸಿದ, ಜಿಮ್ಯಾಟನ್ನು ಮುಟ್ಟಲಿಲ್ಲ. ಅವನನ್ನು ದೂರುವಂತಿಲ್ಲ, ಅವನ ಕಾಲದಲ್ಲಿ ಶುಲ್ಕವನ್ನು ಡಾಲರಿನಲ್ಲಿ ಕಟ್ಟುವ ವ್ಯವಸ್ಥೆ ಇರಲಿಲ್ಲ. ಆ ಕೊರತೆಯನ್ನು ಇಲ್ಲಿ ತುಂಬಲಾಗುತ್ತಿದೆ. ಶಾಸ್ತ್ರದ ವ್ಯಾಪ್ತಿ ತುಮಕೂರು ನಗರ, ಪಶ್ಚಿಮಕ್ಕೆ ಗುಬ್ಬಿ, ದಕ್ಷಿಣಕ್ಕೆ ಕುಣಿಗಲ್ ಕೆರೆ ಏರಿ. ತಿಪಟೂರಿನವರದು ಬೇರೆ ಶಾಖೆ. ಅವರ ಮನೆ ವಿಷಯಕ್ಕೆ ನಾವು ಹೋಗುವುದಿಲ್ಲ.

ಮೊದಲು ಯುಗವಿಭಾಗ. ಜಿಮ್ಯಾಟಿನ ಇತಿಹಾಸದಲ್ಲಿ ಮೂರು ಯುಗಗಳಿವೆ. 2014ರ ಜೂನ್‌ವರೆಗಿನದು ಅಂಧಯುಗ: ಪರೀಕ್ಷೆ ಮುಗಿಸಿದವನು ತನಗೆ ಎಷ್ಟು ಬಂತೆಂದು ನೋಡುವ ಮೊದಲೇ ರದ್ದು ಮಾಡುತ್ತೀಯೋ ಇಲ್ಲವೋ ಹೇಳಬೇಕಿತ್ತು. ಇಲ್ಲಿ ಬುದ್ಧಿಗೆ ಕೆಲಸವಿರಲಿಲ್ಲ, ಧೈರ್ಯಕ್ಕಷ್ಟೇ ಇತ್ತು. ಆದ್ದರಿಂದ ಈ ಯುಗವನ್ನು ಬೇಗ ದಾಟೋಣ.

ಎರಡನೆಯದು ದ್ವಿನಿಮಿಷಯುಗ. ಪರದೆಯ ಮೇಲೆ ಅಂಕ ಬರುತ್ತಿತ್ತು, ಕೆಳಗೆ ಎರಡು ಆಯ್ಕೆ, ಕೈಯಲ್ಲಿ 2 ನಿಮಿಷ. ಊರಿನ ಅಣ್ಣನಿಗೆ ಒಂದು ಫೋನ್ ಮಾಡಿ ಕೇಳೋಣವೆಂದರೆ ಫೋನು ಹೊರಗಿನ ಲಾಕರಿನಲ್ಲಿ. ಒಳಗೆ ಬಿಡುವಾಗ ಅಂಗೈಯ ರಕ್ತನಾಳಗಳ ಗುರುತು ತೆಗೆದುಕೊಂಡಿರುತ್ತಾರೆ. ಅಷ್ಟು ಹಸ್ತ ನೋಡಿದವರೂ ಭವಿಷ್ಯ ಮಾತ್ರ ಹೇಳುವುದಿಲ್ಲ. ಈ ಯುಗದ ಒಂದು ವಿಧಿ ನಮ್ಮ ಕಡೆಯ ಪಂಡಿತರನ್ನು ಬಹಳ ಕಾಡಿತು. ಯಾವುದನ್ನೂ ಒತ್ತದೆ ಸುಮ್ಮನೆ ಕೂತರೆ 2 ನಿಮಿಷದ ಮೇಲೆ ಅಂಕ ತಾನಾಗಿಯೇ ರದ್ದು. ಮೌನಂ ಸಮ್ಮತಿಲಕ್ಷಣಂ ಎಂಬ ನ್ಯಾಯದ ಮೇಲೆ ಹೆಣ್ಣು ನೋಡುವ ಶಾಸ್ತ್ರದಿಂದ ಗ್ರಾಮಸಭೆಯ ನಡಾವಳಿಯವರೆಗೆ ಎಲ್ಲವನ್ನೂ ಸಾಗಿಸಿಕೊಂಡು ಬಂದ ನಾಡಿಗೆ ಇದು ತಲೆಕೆಳಗಾದ ನ್ಯಾಯ. ಗುಬ್ಬಿಯ ಹುಡುಗನೊಬ್ಬ ಹಿರಿಯರ ಮುಂದೆ ನಿಂತಂತೆ ಕಂಪ್ಯೂಟರಿನ ಮುಂದೆಯೂ ತಲೆ ತಗ್ಗಿಸಿ ಕೂತನೆಂದು ಊಹಿಸಿ: ಅವನ ವಿನಯವೇ ಅವನ ಅಂಕವನ್ನು ನುಂಗಿತು.

ಈ ಯುಗದ ಉತ್ತರಾರ್ಧದಲ್ಲಿ ಪ್ರಾಯಶ್ಚಿತ್ತ ಕಾಂಡವೂ ಸೇರಿತು. ಇಟ್ಟುಕೊಂಡು ಹೊರಗೆ ಬಂದವನು 72 ಗಂಟೆಯೊಳಗೆ 25 ಡಾಲರ್ ತೆತ್ತು ರದ್ದು ಮಾಡಿಸಬಹುದಿತ್ತು. ರದ್ದು ಮಾಡಿ ಅತ್ತವನು 4 ವರ್ಷ 11 ತಿಂಗಳೊಳಗೆ 50 ಡಾಲರ್ ತೆತ್ತು ಮತ್ತೆ ಜೀವ ತುಂಬಿಸಬಹುದಿತ್ತು. ಕೊಲ್ಲುವುದಕ್ಕಿಂತ ಬದುಕಿಸುವುದಕ್ಕೆ ದುಪ್ಪಟ್ಟು; ದರಪಟ್ಟಿ ಬರೆದವರಿಗೆ ಧರ್ಮಸೂಕ್ಷ್ಮ ಗೊತ್ತಿತ್ತು. ಅಂಕದ ಆಯುಷ್ಯವೇ 5 ವರ್ಷವಾದ್ದರಿಂದ, ಕೊನೆಯ ದಿನ ಬದುಕಿಸಿಕೊಂಡವನಿಗೆ ಅದರೊಡನೆ ಕಳೆಯಲು ಒಂದು ತಿಂಗಳು ಸಿಗುತ್ತಿತ್ತು.

ಮೂರನೆಯದು ಈಗ ನಡೆಯುತ್ತಿರುವ ಗೋಪ್ಯಯುಗ. 2024ರ ಫೆಬ್ರವರಿಯಿಂದ ಹೊಸ ಜಿಮ್ಯಾಟ್ ಒಂದೇ ಉಳಿದಿದೆ. ಅಂಕ 205ರಿಂದ 805ರವರೆಗೆ. ರದ್ದು ಮಾಡುವ ಗುಂಡಿಯನ್ನೇ ತೆಗೆದಿದ್ದಾರೆ, ಏಕೆಂದರೆ ಅಭ್ಯರ್ಥಿ ಅಂಕ ನೋಡಿಕೊಂಡು, ಬೇಕಾದ ಸಂಸ್ಥೆಗೆ ತಾನೇ ಕಳಿಸಿದರೆ ಮಾತ್ರ ಅದು ಹೋಗುತ್ತದೆ. ಕಳಿಸದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾದರೆ ಶಾಸ್ತ್ರಕ್ಕೆ ವಿಷಯವೇ ಇಲ್ಲವಾಯಿತಲ್ಲ ಎಂಬುದು ಪೂರ್ವಪಕ್ಷ. ಸಿದ್ಧಾಂತ: ಯಾರಿಗೂ ಗೊತ್ತಾಗುವುದಿಲ್ಲ ಎಂದು ಬರೆದವರು ಗುಬ್ಬಿಗೆ ಬಂದಿಲ್ಲ.

ಈಗ ವರ್ಗೀಕರಣ. ಇಲ್ಲಿ ರದ್ದೆಂದರೆ ಹಳೆಯ ಯುಗದಲ್ಲಿ ಗುಂಡಿ ಒತ್ತುವುದೂ ಹೌದು, ಹೊಸ ಯುಗದಲ್ಲಿ ಕಳಿಸದೆ ಮುಚ್ಚಿಡುವುದೂ ಹೌದು. ಅಂಕಗಳನ್ನು ಉತ್ತಮ, ಮಧ್ಯಮ, ಅಧಮ ಎಂದು ಸಂಖ್ಯೆಯಿಂದಲೇ ವಿಂಗಡಿಸುವುದು ಕೋಚಿಂಗ್ ಸೆಂಟರಿನವರ ಪದ್ಧತಿ. ಅದರಿಂದ ಪ್ರಯೋಜನವಿಲ್ಲ, 605 ಒಂದು ಮನೆಯಲ್ಲಿ ಹಬ್ಬ, ಪಕ್ಕದ ಮನೆಯಲ್ಲಿ ಸೂತಕ. ನಮ್ಮ ಮೀಮಾಂಸೆ ಅಂಕವನ್ನು ಸಾಕ್ಷಿಗಳಿಂದ ವಿಂಗಡಿಸುತ್ತದೆ. ಸೂತ್ರ: ಎಷ್ಟು ಜನ ಬಲ್ಲರೋ ಅಷ್ಟು ಗಟ್ಟಿ. ವೃತ್ತಿ: ಸಂಸ್ಥೆಯ ಕಡತದಿಂದ ಅಳಿಸುವುದು ಸುಲಭ, ಚಿಕ್ಕಮ್ಮನ ನೆನಪಿನಿಂದ ಅಳಿಸುವುದಕ್ಕೆ ವಿಧಿಯಿಲ್ಲ.

ಗೂಢಾಂಕವೆಂದರೆ ಬರೆದವನಿಗೆ ಮಾತ್ರ ಗೊತ್ತಿರುವ ಅಂಕ. ಬೆಂಗಳೂರಿನ ಪಿಜಿಯಲ್ಲಿದ್ದು, ಮನೆಗೆ ‘ಈ ವಾರ ಆಫೀಸ್ ಕೆಲಸ ಇದೆ’ ಎಂದು ಹೇಳಿ ಬರೆದವರಿಗೆ ಇದು ಸಾಧ್ಯ. ಅವರು ಯೋಚಿಸದೆ ರದ್ದು ಮಾಡಬಹುದು, ಯೋಚಿಸದೆ ಇಟ್ಟುಕೊಳ್ಳಲೂಬಹುದು. ತುಮಕೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರಿಗೆ ಇದು ದುರ್ಲಭ. ರಜೆಯ ದಿನ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹತ್ತಿದವನನ್ನು ಬೋಗಿ ಸುಮ್ಮನೆ ಬಿಡುವುದಿಲ್ಲ. ಕ್ಯಾತ್ಸಂದ್ರ ದಾಟುವುದರೊಳಗೆ ಗೂಢತ್ವ ಹೋಗಿರುತ್ತದೆ.

ಪಿತ್ರಂಕವೆಂದರೆ ಶುಲ್ಕ ಕಟ್ಟಿದ ತಂದೆ ಬಲ್ಲ ಅಂಕ. ಇದು ಗುಬ್ಬಿ ಸೀಮೆಯಲ್ಲಿ ವಿಶೇಷ ವ್ಯಾಖ್ಯಾನ ಬೇಡುತ್ತದೆ, ಏಕೆಂದರೆ ಅಲ್ಲಿ ತಂದೆ ಡಾಲರನ್ನು ರೂಪಾಯಿಗೆ ಪರಿವರ್ತಿಸಿ ನಿಲ್ಲುವುದಿಲ್ಲ, ಕೊಬ್ಬರಿಗೆ ಪರಿವರ್ತಿಸುತ್ತಾನೆ. 2024ರಲ್ಲಿ ಶುಲ್ಕ 275 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 23,000 ರೂಪಾಯಿ. ಅದೇ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕೊಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 12,000. ಹಾಗಾಗಿ ಒಂದು ಜಿಮ್ಯಾಟ್ ಎಂದರೆ ಹತ್ತಿರಹತ್ತಿರ 2 ಕ್ವಿಂಟಾಲ್ ಕೊಬ್ಬರಿ. ಕಾಯಿ ಅಟ್ಟದ ಮೇಲೆ ವರ್ಷ ಹತ್ತಿರ ಕೂತು, ಒಳಗೇ ಒಣಗಿ, ಗಳಗಳ ಸದ್ದು ಬಂದ ಮೇಲೆ ಸುಲಿದು ಒಡೆದದ್ದು ಅದು. ಅದನ್ನು ಮಗ 2 ನಿಮಿಷದಲ್ಲಿ ಕೈಬಿಟ್ಟನೆಂದರೆ ತಂದೆ ಕೇಳುವ ಪ್ರಶ್ನೆ ಒಂದೇ.

‘ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಕೊಡ್ತಾರೇನೋ?’

‘ಇಲ್ಲಪ್ಪ.’

‘ಮತ್ತೆ ಯಾವ ಸೀಮೆ ಕ್ಯಾನ್ಸಲ್ಲೋ ಅದು?’

ಈ ಪ್ರಶ್ನೆಗೆ ಪರೀಕ್ಷೆ ನಡೆಸುವವರ ಕೈಪಿಡಿಯಲ್ಲಿ ಉತ್ತರವಿಲ್ಲ. ಪಿತ್ರಂಕವನ್ನು ರದ್ದು ಮಾಡಬಾರದೆಂಬುದು ಗುಬ್ಬಿ ಪಾಠದ ನಿಷ್ಕರ್ಷೆ. ತುಮಕೂರು ನಗರದ ಪಾಠದಲ್ಲಿ, ತಂದೆ ಸಂಬಳದವನಾದರೆ, ವಿಕಲ್ಪ ಉಂಟು.

ವೀಥ್ಯಂಕವೆಂದರೆ ಬೀದಿಗೆ ಗೊತ್ತಾದದ್ದು. ಇಲ್ಲಿ ಒಂದು ಸೂಕ್ಷ್ಮವಿದೆ: ಬೀದಿಗೆ ಅಂಕ ಗೊತ್ತಿರುವುದಿಲ್ಲ, ಪರೀಕ್ಷೆ ಬರೆದದ್ದು ಗೊತ್ತಿರುತ್ತದೆ. ಆದ್ದರಿಂದ ಕಡತದಲ್ಲಿ ರದ್ದಾದ ಅಂಕದ ಜಾಗದಲ್ಲಿ ಬೀದಿ ತಾನೇ ಒಂದು ಅಂಕವನ್ನು ಹಾಕಿಕೊಡುತ್ತದೆ, ಅದು ನಿಜವಾದದ್ದಕ್ಕಿಂತ ಯಾವಾಗಲೂ ಕಡಿಮೆ. ಬೀದಿಯವರಿಗೆ ತಿಳಿದಮೇಲೆ ರದ್ದು ಮಾಡುವುದೆಂದರೆ ಸ್ವಂತ ಅಂಕ ಕೊಟ್ಟು ಅದಕ್ಕಿಂತ ಕೆಟ್ಟದ್ದನ್ನು ತೆಗೆದುಕೊಳ್ಳುವುದು. ಈ ವರ್ಗದವರು ಬಂದದ್ದನ್ನು ಇಟ್ಟುಕೊಂಡು ಧೈರ್ಯವಾಗಿ ಹೇಳುವುದೇ ಲೇಸು.

ಕ್ಯಾಟ್ ಬರೆದವರಿಗೆ ಈ ವರ್ಗದಲ್ಲಿ ಒಂದು ರಿಯಾಯಿತಿ ಇದೆ. ಐಐಎಂಗಳ ಆ ಪರೀಕ್ಷೆಯಲ್ಲಿ ರದ್ದು ಎಂಬುದೇ ಇಲ್ಲ. ಅಂಕ ಒಂದು ವರ್ಷ ಬದುಕಿ ತಾನಾಗಿ ಸಾಯುತ್ತದೆ. ಆದರೆ ಫಲಿತಾಂಶ ಬರುವುದು ಪರ್ಸೆಂಟೈಲಿನಲ್ಲಿ. 85 ಎಂದು ಬಂದರೆ, 2024ರಲ್ಲಿ ಬರೆದ ಸುಮಾರು 2.9 ಲಕ್ಷ ಜನರಲ್ಲಿ 43 ಸಾವಿರದಷ್ಟು ಮಂದಿ ಇವನಿಗಿಂತ ಮುಂದೆ ಎಂದರ್ಥ, ಬೆಂಗಳೂರು ಐಐಎಂ ದೂರದ ಮಾತು. ಅಜ್ಜಿಗೆ ಮಾತ್ರ 85 ಎಂದರೆ ನೂರಕ್ಕೆ 85, ಡಿಸ್ಟಿಂಕ್ಷನ್. ಅವರು ಓಣಿಗೆಲ್ಲ ಸಕ್ಕರೆ ಹಂಚಿದ ಮೇಲೆ ತಿದ್ದಲು ಹೋಗುವುದು ಅಶಾಸ್ತ್ರೀಯ.

ಹರಕೆಯಂಕವೆಂಬುದು ಕುಣಿಗಲ್ ಪಾಠದಲ್ಲಿ ಮಾತ್ರ ವಿಸ್ತಾರವಾಗಿ ಸಿಗುತ್ತದೆ, ಯಡಿಯೂರು ಸಿದ್ಧಲಿಂಗೇಶ್ವರ ಆ ತಾಲ್ಲೂಕಿನಲ್ಲೇ ಇರುವುದರಿಂದ. ತಾಯಿ ಹರಕೆ ಹೊತ್ತಿದ್ದಾಳೆ. ಮಗ ಅಂಕ ರದ್ದು ಮಾಡಿದ. ಹರಕೆ ತೀರಿಸಬೇಕೆ? ಪೂರ್ವಪಕ್ಷ: ಫಲವಿಲ್ಲದಿದ್ದರೆ ಋಣವಿಲ್ಲ. ಸಿದ್ಧಾಂತ: ಹರಕೆ ಹೊರುವಾಗ ತಾಯಿ ಯಾವ ಅಂಕವೆಂದು ಹೇಳಿರಲಿಲ್ಲ, ‘ಪರೀಕ್ಷೆ ಸುಸೂತ್ರ ಆಗ್ಲಪ್ಪ’ ಎಂದಳು. ಪರೀಕ್ಷೆ ಸುಸೂತ್ರವಾಗಿಯೇ ಆಯಿತು. ದೇವರು ತನ್ನ ಪಾಲಿನ ಕೆಲಸ ಮಾಡಿದ್ದಾನೆ. ರದ್ದು ಮಾಡಿದ್ದು ಮಗ. ಆದ್ದರಿಂದ ಹರಕೆ ತೀರಿಸತಕ್ಕದ್ದು, ಖರ್ಚು ಮಗನದು.

ಕುಣಿಗಲ್ಲಿಗೆ ಬಂದ ಮೇಲೆ ಕುದುರೆಯ ಮಾತಾಡದೆ ಹೋಗುವುದು ಸರಿಯಲ್ಲ. ಟಿಪ್ಪುವಿನ ಕಾಲದಿಂದ ಹೆಸರಾದ ಅಲ್ಲಿನ ಸ್ಟಡ್ ಫಾರ್ಮಿನಲ್ಲಿ ಹುಟ್ಟಿದ ಮರಿ ಬೆಂಗಳೂರಿನ ಟರ್ಫ್ ಕ್ಲಬ್ಬಿನಲ್ಲಿ ಓಡಿದರೆ, ಹಿಂದಿನ ಓಟಗಳಲ್ಲಿ ಎಷ್ಟನೆಯದಾಗಿ ಬಂತೆಂಬುದು ರೇಸ್ ಪುಸ್ತಕದಲ್ಲಿ ಅದರ ಹೆಸರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಮಳೆ ಬಂದಿತ್ತು, ನಾಲು ಸಡಿಲವಾಗಿತ್ತು ಎಂದರೆ ಕೇಳುವವರಿಲ್ಲ. ಹಳೆಯ ಜಿಮ್ಯಾಟ್ ವರದಿಯೂ ಹಾಗೇ ಇತ್ತು: ಕಳೆದ 5 ವರ್ಷದ ಅಂಕಗಳೆಲ್ಲ ಅದರಲ್ಲಿ ಬರುತ್ತಿದ್ದವು, 2015ರ ಜುಲೈವರೆಗೆ ರದ್ದಾದದ್ದಕ್ಕೂ ‘ಸಿ’ ಎಂಬ ಗುರುತು ಬೀಳುತ್ತಿತ್ತು. ಅಂಕ ಕಾಣದಿದ್ದರೂ ಅಲ್ಲೊಂದು ಅಂಕ ಸತ್ತಿದೆ ಎಂಬುದು ಕಾಣುತ್ತಿತ್ತು. ಆಮೇಲೆ ಮನುಷ್ಯರಿಗೆ ಆ ಗುರುತನ್ನು ಬಿಟ್ಟುಕೊಟ್ಟರು. ಕುದುರೆಗಳಿಗೆ ಇನ್ನೂ ಕೊಟ್ಟಿಲ್ಲ. ಒಂದು ಮಾತು ಮಾತ್ರ ಗಂಭೀರವಾಗಿಯೇ ಹೇಳಬೇಕು: ಹೆಚ್ಚಿನ ಸಂಸ್ಥೆಗಳು ಹಲವು ಸಲ ಬರೆದವನ ಅತಿ ಹೆಚ್ಚಿನ ಅಂಕವನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಆದ್ದರಿಂದ ಆ 2 ನಿಮಿಷದ ಬೆವರಿನ ಬಹುಭಾಗ ವ್ಯರ್ಥವಾಗಿತ್ತು. ಬೆವರಿದ್ದು ಸಂಸ್ಥೆಗಾಗಿ ಅಲ್ಲ, ಊರಿಗಾಗಿ.

ಮತ್ತೆ ಬರೆಯುವವರದು ‘ಒನ್ಸ್ ಮೋರ್’ ಪಂಥ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ಊರಿಗೆ ಈ ಪಂಥ ಹೊಸದಲ್ಲ. ಆದರೆ ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಕೂಗುತ್ತಿದ್ದದ್ದು ಪ್ರೇಕ್ಷಕರು, ಹಾಡು ಚೆನ್ನಾಗಿದ್ದಾಗ. ಇಲ್ಲಿ ಪಾತ್ರಧಾರಿಯೇ ಕೂಗುತ್ತಾನೆ, ಹಾಡು ಕೆಟ್ಟಾಗ. ಟಿಕೆಟ್ಟಿನ ದುಡ್ಡೂ ಅವನದೇ.

ಕೊನೆಯದಾಗಿ ಅವಿಸರ್ಜನೀಯಾಂಕ. ಹೆಸರು ಉದ್ದವಾಯಿತು, ವಸ್ತುವೂ ಹಾಗೇ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಬಂದದ್ದು. ಜಿಮ್ಯಾಟನ್ನು ಅಳಿಸಿ, ಕ್ಯಾಟನ್ನು ಮರೆಸಿ ಬಂದವನು ಬೆಂಗಳೂರು ಐಐಎಂ ಬಾಗಿಲಲ್ಲಿ ನಿಂತರೆ, ಅಲ್ಲಿ ಸಂದರ್ಶನಕ್ಕೆ ಕರೆಯುವ ಲೆಕ್ಕಾಚಾರದಲ್ಲಿ ಹತ್ತನೇ ತರಗತಿ, ಹನ್ನೆರಡನೇ ತರಗತಿಯ ಅಂಕಗಳೂ ಕೂತಿರುತ್ತವೆ. ಹದಿನೈದನೇ ವಯಸ್ಸಿನಲ್ಲಿ ಜಾತ್ರೆಯ ವಾರ ಓದದೆ ಕಳೆದುಕೊಂಡ ಸಮಾಜ ವಿಜ್ಞಾನದ 8 ಅಂಕ ಅಲ್ಲಿಯವರೆಗೂ ಹಿಂದೆಯೇ ಬಂದಿರುತ್ತದೆ. ಇದನ್ನು ಕಂಡೋ ಏನೋ, 2024ರಲ್ಲಿ ರಾಜ್ಯದ ಪರೀಕ್ಷಾ ಮಂಡಳಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಎರಡಕ್ಕೂ ಪರೀಕ್ಷೆ 1, 2, 3 ಎಂದು ತಂದು, ಬಂದದ್ದರಲ್ಲಿ ಹೆಚ್ಚಿನದನ್ನು ಉಳಿಸಿಕೊಳ್ಳಿ ಎಂದಿತು. ಅಮೆರಿಕದವರು ಡಾಲರ್ ಪಡೆದು ಕೊಟ್ಟ ವರವನ್ನು ನಮ್ಮ ಮಂಡಳಿ ಹೈಸ್ಕೂಲು ಮಕ್ಕಳಿಗೆ ಕೊಟ್ಟಿತು. ಅದಕ್ಕೂ ಮೊದಲು ಪಾಸಾದವರು ತಮ್ಮ 8 ಅಂಕದೊಡನೆ ಇದ್ದಾರೆ.

ಇಷ್ಟೆಲ್ಲ ಅಲ್ಪಸಂಖ್ಯಾತರ ಮಾತು. ನಮ್ಮ ಮೂರೂ ಊರಿನ ಬಹುಸಂಖ್ಯಾತರು ಎಂಬಿಎಗೆ ಬರೆಯುವುದು ರಾಜ್ಯದ ಪರೀಕ್ಷಾ ಪ್ರಾಧಿಕಾರವಾದ ಕೆಇಎಯ ಪಿಜಿಸಿಇಟಿ: 100 ಪ್ರಶ್ನೆ, 2 ಗಂಟೆ, ತಪ್ಪಿದರೆ ಅಂಕ ಕಳೆಯುವುದಿಲ್ಲ. ಇಲ್ಲಿ ಅಂಕಕ್ಕೆ ರದ್ದಿಲ್ಲ, ಸೀಟಿಗೆ ಇದೆ. ಮತ್ತು ಅದಕ್ಕಾಗಿ ಕೆಇಎಯ ಯಾರೋ ಅನಾಮಧೇಯ ಶಾಸ್ತ್ರಕಾರ ಬರೆದ ಚತುರ್ವಿಧ ವಿಭಾಗದ ಮುಂದೆ ಈ ಗ್ರಂಥದ ವಿಂಗಡಣೆಗಳೆಲ್ಲ ಮಂಕಾಗುತ್ತವೆ. ಚಾಯ್ಸ್ ಒಂದು: ಒಪ್ಪಿದೆ, ಸೇರುತ್ತೇನೆ. ಚಾಯ್ಸ್ ಮೂರು: ಒಪ್ಪಲಿಲ್ಲ, ಬಿಟ್ಟೆ, ಮುಂದಿನ ಸುತ್ತಿಗೆ ಬರುತ್ತೇನೆ. ಚಾಯ್ಸ್ ನಾಲ್ಕು: ನನಗೆ ಇದೇ ಬೇಡ, ನಮಸ್ಕಾರ. ಎರಡನೆಯದನ್ನು ಬೇಕೆಂದೇ ಕೊನೆಗಿಟ್ಟಿದ್ದೇವೆ: ಒಪ್ಪಿದೆ, ಆದರೂ ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಬಂದರೆ ಅದು ಇರಲಿ. ಮೇಲಿನದು ಬಂತೋ, ಕೈಯಲ್ಲಿದ್ದದ್ದು ತಾನಾಗಿ ರದ್ದು. ಆಮೇಲೆ ಹಳೆಯದೇ ವಾಸಿ ಎನಿಸಿದರೂ ತಿರುಗಿ ಹೋಗುವ ಹಾಗಿಲ್ಲ.

ಪ್ರಯೋಗ: ಗುಬ್ಬಿಯ ಅಭ್ಯರ್ಥಿ. ಮೊದಲ ಸುತ್ತಿನಲ್ಲಿ ತುಮಕೂರಿನಲ್ಲೇ, 1963ರಿಂದ ಇರುವ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದ ಎಂಬಿಎ ಸಿಕ್ಕಿದೆ. ಆಯ್ಕೆಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಬೆಂಗಳೂರಿನ ನಾಲ್ಕು ಕಾಲೇಜುಗಳಿವೆ. ಚಾಯ್ಸ್ ಎರಡು ಒತ್ತಿದ್ದಾನೆ. ಬೆಂಗಳೂರು ಬರಲಿ ಎಂದು ಮಗ ಕಾಯುತ್ತಿದ್ದಾನೆ. ತುಮಕೂರೇ ಉಳಿದರೆ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಮನೆ ಊಟಕ್ಕೆ ಬರುತ್ತಾನೆಂದು ತಾಯಿ ಕಾಯುತ್ತಿದ್ದಾಳೆ. ಇಬ್ಬರೂ ಯಡಿಯೂರಿಗೆ ಹರಕೆ ಹೊತ್ತಿದ್ದಾರೆ, ಇಬ್ಬರೂ ‘ಒಳ್ಳೇದಾಗ್ಲಿ’ ಎಂದಷ್ಟೇ ಹೇಳಿದ್ದಾರೆ. ಯಾರ ಹರಕೆ ಮೊದಲಿನದೆಂದು ತಂದೆಯನ್ನು ಕೇಳಿದರೆ, ಎರಡನೇ ಸುತ್ತಿನ ಪಟ್ಟಿ ಬರುವ ಮೊದಲು ಕೊಬ್ಬರಿ ಹರಾಜಿದೆ, ಅದು ಮುಗಿಯಲಿ ಎನ್ನುತ್ತಾರೆ.